ಮುಟ್ಟು ನಿಂತ ಮೇಲೆ ನಿದ್ದೆ ಇಲ್ಲ: ಲ್ಯಾವೆಂಡರ್ ಎಣ್ಣೆ ಎಷ್ಟು ಹನಿ?

ಪ್ರಶ್ನೆ (ಮಂಡ್ಯ):
ಅಮ್ಮನಿಗೆ 54, ಮುಟ್ಟು ನಿಂತು ಎರಡು ವರ್ಷ. ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತಲ್ಲ. ಲ್ಯಾವೆಂಡರ್ ಎಣ್ಣೆ ದಿಂಬಿಗೆ ಹಾಕಬಹುದಾ? ಪಾದಕ್ಕೆ ಹಚ್ಚೋದಾದರೆ ಎಷ್ಟು?

ಉತ್ತರ 1 (ಮೈಸೂರು):
ದಿಂಬಿಗೆ ಬೇಡ, ಕಲೆ ಬೀಳುತ್ತೆ, ಕೆನ್ನೆಗೂ ತಾಗಿ ಉರಿಯಬಹುದು. ಹತ್ತಿ ಉಂಡೆಗೆ 2 ಹನಿ ಹಾಕಿ ತಲೆಯಿಂದ ಒಂದು ಮೊಳ ದೂರ ಇಡಿ. ಹನಿ ಜಾಸ್ತಿಯಾದರೆ ತಲೆನೋವು ಬರುತ್ತೆ, ನಿದ್ದೆಯಲ್ಲ. ಪಾದಕ್ಕೆ 30 ಮಿ.ಲೀ. ಕೊಬ್ಬರಿ ಎಣ್ಣೆಗೆ 6 ಹನಿ, ಅಂದರೆ ಸುಮಾರು 1%. ಚಳಿಗೆ ಎಣ್ಣೆ ಗಟ್ಟಿಯಾಗಿದ್ದರೆ ಬಿಸಿನೀರಲ್ಲಿ ಸೀಸೆ ಇಟ್ಟು ಕರಗಿಸಿ, ಆರಿದ ಮೇಲೆ ಹನಿ ಸೇರಿಸಿ. ಬಿಸಿ ಎಣ್ಣೆಗೆ ಹಾಕಿದರೆ ಪರಿಮಳ ಹಾರಿಹೋಗುತ್ತೆ. ಎಳ್ಳೆಣ್ಣೆ ಬೇಡ, ಅದರ ವಾಸನೆ ಲ್ಯಾವೆಂಡರನ್ನೇ ನುಂಗುತ್ತೆ! ಬೆರೆಸಿದ ಎಣ್ಣೆಯನ್ನ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ.

ಉತ್ತರ 2:
ಸೀಸೆ ಮೇಲೆ 'ಫ್ರೇಗ್ರೆನ್ಸ್ ಆಯಿಲ್' ಅಂತಿದ್ದರೆ ಅದು ಬರೀ ಸುಗಂಧ, ಮೈಗೆ ಹಚ್ಚಬೇಡಿ. ಗಂಧದೆಣ್ಣೆ ಸೀಸೆ ಮೇಲೆ ಹಾಗೆ ಬರೆದಿದ್ದರೂ ಇದೇ ಮಾತು. ಮುಚ್ಚಳ ತೆಗೆದಿಟ್ಟ ಹಳೇ ಲ್ಯಾವೆಂಡರ್ ಗಾಳಿ ತಾಗಿ ಕೆಡುತ್ತೆ, ಆಮೇಲೆ ಅಲರ್ಜಿ ಜಾಸ್ತಿ. ಉಬ್ಬಸ ಇರುವವರಿಗೆ ಬೇಡ. ಕುಡಿಯೋದಂತೂ ಬೇಡವೇ ಬೇಡ.

ಉತ್ತರ 3:
ಎಚ್ಚರ ಆಗೋದು ಯಾಕೆ ಅಂತ ಮೊದಲು ನೋಡಿ. ಮೈ ಬಿಸಿಯೇರಿ ಬೆವರು ಕಿತ್ತುಕೊಂಡು ಬಂದರೆ ಅದು ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇಳಿದದ್ದರ ಪರಿಣಾಮ, ಪರಿಮಳದಿಂದ ನಿಲ್ಲಲ್ಲ. ಹತ್ತಿ ಸೀರೆ ಅಥವಾ ನೈಟಿ, ಫ್ಯಾನು, ಸಂಜೆ ಮೇಲೆ ಕಾಫಿ ಬಂದ್. ಜೋರು ಗೊರಕೆ, ನಡುವೆ ಉಸಿರು ಕಟ್ಟೋದು ಇದ್ದರೆ ಸ್ಲೀಪ್ ಆಪ್ನಿಯಾ ಇರಬಹುದು, ಮುಟ್ಟು ನಿಂತ ಮೇಲೆ ಅದು ಹೆಚ್ಚು. ಡಾಕ್ಟರಿಗೆ ತೋರಿಸಿ.

ಪ್ರಶ್ನೆ ಕೇಳಿದವರು:
ಗೊರಕೆ ಇಲ್ಲ, ಬೆವರು ಇದೆ. ಫಿಲ್ಟರ್ ಕಾಫಿ ಸಂಜೆ ಆರಕ್ಕೆ!

ಉತ್ತರ 3:
ಅದನ್ನ ಮಧ್ಯಾಹ್ನ ಹನ್ನೆರಡರೊಳಗೆ ಮುಗಿಸಿ. ಬೆವರಿಗೆ ಸ್ತ್ರೀರೋಗ ತಜ್ಞರನ್ನ ಕೇಳಿ, ಔಷಧಿ ಇದೆ.