ಕುರಿ ದಿಢೀರ್ ಸತ್ತರ ನೆರಡಿ ಸಂಶಯ: ವರದಿ ಯಾರಿಗೆ, ಯಾವಾಗ?

ಶಿರಹಟ್ಟಿ_ಪಂಚಾಯ್ತಿ:
ಮಳೆ ಬಿದ್ದು ಹುಲ್ಲು ಚಿಗುರಿದಾಗ ಹಿಂಡಿನಾಗ ಕುರಿ ಒಮ್ಮೆಲೆ ಬಿದ್ದು ಸತ್ತರ ನೆರಡಿ, ಅಂದರ ಆಂಥ್ರಾಕ್ಸ್, ಅಂತ ಸಂಶಯ ಬರ್ತದ. ಲ್ಯಾಬ್ ವರದಿ ಬರೋತನಕ ಕಾಯಬೇಕೋ? ಪಶು ಆಸ್ಪತ್ರೆಗೆ ಹೇಳಿದರ ಸಾಕೋ, ಪಿಎಚ್‌ಸಿಗೂ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ) ಹೇಳಬೇಕೋ?

ಹಾವೇರಿ_ಪಶುವೈದ್ಯ:
ಕಾಯಬ್ಯಾಡ್ರಿ. 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆ ಪ್ರಕಾರ ಸಂಶಯ ಬಂದರೇ ಮಾಲೀಕರು ಪಂಚಾಯ್ತಿಗೆ ತಿಳಿಸಬೇಕು, ಪಂಚಾಯ್ತಿಯವರು ಹತ್ತಿರದ ಪಶುವೈದ್ಯರಿಗೆ ಬರದು ಕೊಡಬೇಕು. ಪತ್ರ ಆಮೇಲೆ ಹೋಗಲಿ, ಫೋನ್ ಮೊದಲು ಮಾಡ್ರಿ.

ಸತ್ತ ಕುರಿ ಕೊಯ್ಯಬ್ಯಾಡ್ರಿ, ಚರ್ಮ ಸುಲೀಬ್ಯಾಡ್ರಿ. ಕೊಯ್ಯದ ಹೆಣದೊಳಗ ಈ ಬ್ಯಾಕ್ಟೀರಿಯಾ ಕೊಳೆತದ ಜೋಡಿ ಕೆಲವೇ ದಿನದಾಗ ಸಾಯ್ತದ. ಗಾಳಿ ತಾಕಿತೋ, ಸ್ಪೋರ್ (ಗಟ್ಟಿ ಕವಚದ ಬೀಜದಂಥ ರೂಪ) ಆಗಿ ಮಣ್ಣಿನಾಗ ದಶಕಗಟ್ಟಲೆ ಉಳೀತದ. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದರ ಸಂಶಯ ಬಲವಾಗ್ತದ. ಕುರಿಯೊಳಗ ಅದು ಕಾಣದೆಯೂ ಇರಬಹುದು, ಕರುಳುಬೇನೆಯ ಸಾವೂ ಹಿಂಗ ದಿಢೀರ್ ಆಗ್ತದ. ಅದಕ್ಕ ಪೋಸ್ಟ್‌ಮಾರ್ಟಂಗಿಂತ ಮೊದಲು ಕಿವಿ ರಕ್ತನಾಳದ ಸ್ಮಿಯರ್, ಅಂದರ ಗಾಜಿನ ಮ್ಯಾಲೆ ಸವರಿದ ರಕ್ತದ ತೆಳು ಪದರ, ಸೂಕ್ಷ್ಮದರ್ಶಕದಾಗ ನೋಡಬೇಕು. ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಅನ್ನೋ ಬಣ್ಣ ಹಾಕಿದರ ನೆರಡಿ ಬ್ಯಾಕ್ಟೀರಿಯಾ ಚೌಕ ತುದಿಯ ನೀಲಿ ಕಡ್ಡಿಗಳ ಸರಪಳಿ, ಸುತ್ತ ಗುಲಾಬಿ ಕವಚ ಆಗಿ ಕಾಣ್ತದ. ಹೆಣ ಕೊಳೆತರ ಕವಚ ಸಿಗೋದಿಲ್ಲ, ಅದಕ್ಕೇ ಅವಸರ.

ಸುಡೋದು ಉತ್ತಮ. ಆಗದಿದ್ದರ 6 ಅಡಿ ಆಳಕ್ಕ, ನೀರಿನ ಮೂಲದಿಂದ ದೂರ ಹೂಳ್ರಿ. ಎಳಕೊಂಡು ಹೋಗಬ್ಯಾಡ್ರಿ. ಸುಣ್ಣ ಹಾಕೋ ರೂಢಿ ಅದ, ಆದರ ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿ ಅದನ್ನ ಬ್ಯಾಡ ಅಂತದ: ಕ್ಯಾಲ್ಸಿಯಂನಿಂದ ಸ್ಪೋರ್ ಇನ್ನೂ ಗಟ್ಟಿ ಉಳಿಯಬಹುದು.

ಧಾರವಾಡ_ಕಣ್ಗಾವಲು:
ಪಿಎಚ್‌ಸಿಗೂ ಅದೇ ದಿನ ಹೇಳಲೇಬೇಕು. ಕೊಯ್ದವರು, ಸುಲಿದವರು, ಮಾಂಸ ಹಂಚಿಕೊಂಡವರು, ಚರ್ಮ ಕೊಂಡವರು, ಇವರೆಲ್ಲರ ಪಟ್ಟಿ ಕೊಡಿ, ಅವರಿಗೂ ಈ ರೋಗ ತಗಲಬಹುದು. ಕೈ, ಮುಖದ ಮೇಲೆ ತುರಿಕೆಯ ಗುಳ್ಳೆ ಸಾಮಾನ್ಯವಾಗಿ 1ರಿಂದ 7 ದಿನದಲ್ಲಿ ಏಳುತ್ತದೆ. ಆಮೇಲೆ ಸುತ್ತ ಬಾವು, ನಡುವೆ ಕಪ್ಪು ಹಕ್ಕಳೆ. ನೋವಿಲ್ಲದ್ದರಿಂದ ಜನ ಆಸ್ಪತ್ರೆಗೆ ಬರುವುದಿಲ್ಲ.

ನಮ್ಮ ಕಡೆ ತಪ್ಪುವುದು ಇಲ್ಲೇ. ಆರೋಗ್ಯ ಕಾರ್ಯಕರ್ತರು ರೋಗ ಕಣ್ಗಾವಲಿಗೆ ತುಂಬುವ ಎಸ್ ಫಾರ್ಮ್ (ಲಕ್ಷಣಗಳ ಫಾರ್ಮ್) ಇರುವುದು ಜ್ವರ, ಕೆಮ್ಮು, ಭೇದಿ, ಕಾಮಾಲೆಯಂಥ ಲಕ್ಷಣಗಳಿಗೆ. ನೋವಿಲ್ಲದ ಹುಣ್ಣು ಅದರಲ್ಲಿ ಸುಲಭಕ್ಕೆ ದಾಖಲಾಗುವುದಿಲ್ಲ. ಆದ್ದರಿಂದ ಆಶಾ ಕಾರ್ಯಕರ್ತೆ ನೇರ ವೈದ್ಯಾಧಿಕಾರಿಗೆ ಫೋನ್ ಮಾಡಲಿ. ವೈದ್ಯಾಧಿಕಾರಿ ಲ್ಯಾಬ್‌ಗೆ ಕಾಯದೆ ಪಿ ಫಾರ್ಮ್‌ನಲ್ಲಿ (ವೈದ್ಯರು ಸಂಶಯದ ಪ್ರಕರಣ ದಾಖಲಿಸುವ ಫಾರ್ಮ್) ಹಾಕಿ ಜಿಲ್ಲಾ ಕಣ್ಗಾವಲು ಘಟಕಕ್ಕೆ ತಿಳಿಸಬೇಕು. ಗುಳ್ಳೆಯ ನೀರಿನ ಸ್ವಾಬ್ (ಹತ್ತಿಕಡ್ಡಿಯ ಮಾದರಿ) ಮೊದಲ ಆಂಟಿಬಯಾಟಿಕ್‌ಗಿಂತ ಮುಂಚೆ ತೆಗೆಯಿರಿ, ಇಲ್ಲದಿದ್ದರೆ ಲ್ಯಾಬ್‌ನ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಹಕ್ಕಳೆ ಕತ್ತರಿಸಬಾರದು.

ಶಿರಹಟ್ಟಿ_ಪಂಚಾಯ್ತಿ:
ಡಾಕ್ಟ್ರೇ, ಉಳಿದ ಕುರಿಗಳಿಗೆ ಲಸಿಕಿ, ಆಂಟಿಬಯಾಟಿಕ್ ಎರಡೂ ಒಮ್ಮೆಗೇ ಕೊಡಬಹುದೇನ್ರಿ?

ಹಾವೇರಿ_ಪಶುವೈದ್ಯ:
ಬ್ಯಾಡ್ರಿ. ಅದು ಜೀವಂತ ಸ್ಪೋರ್ ಲಸಿಕಿ, ಆಂಟಿಬಯಾಟಿಕ್ ಅದನ್ನ ಕೊಂದುಬಿಡ್ತದ. ಜ್ವರ ಬಂದ ಕುರಿ ಬ್ಯಾರೆ ಕಟ್ಟಿ ಚಿಕಿತ್ಸೆ ಕೊಡಸ್ರಿ, ಆರೋಗ್ಯ ಇದ್ದವಕ್ಕ ಲಸಿಕಿ ಹಾಕಸ್ರಿ. ರಕ್ಷಣೆ ಬರಾಕ ಸುಮಾರು 2 ವಾರ ಬೇಕು, ಅಲ್ಲೀತನಕ ಕುರಿ ಸತ್ತ ಅಡವಿಗೆ ಹಿಂಡು ಹೊಡಿಬ್ಯಾಡ್ರಿ.