ಸಹಾಯ ಬೇಕು: ಮಗಳಿಗೆ ನಿದ್ದಿ ಇಲ್ಲ, ಮನಸ್ಸೂ ಕುಗ್ಗೈತಿ

ಎಲ್ಲಾರಿಗೂ ನಮಸ್ಕಾರ ರೀ. ನಾವು ವಿಜಯಪುರದಾವ್ರು. ಮಗಳು ಪಿಯುಸಿ ಎರಡನೇ ವರ್ಷ, ಸೈನ್ಸ್. ನಸುಕಿನ್ಯಾಗ ಐದೂವರಿಗೆ ಟ್ಯೂಷನ್, ಆಮ್ಯಾಲ ಕಾಲೇಜು, ಸಂಜೀಕ ನೀಟ್ ಕೋಚಿಂಗ್. ಮಲಗೂದು ರಾತ್ರಿ ಒಂದಕ್ಕ. ನಾಲ್ಕು ತಾಸು ನಿದ್ದಿ ಆದ್ರ ಪುಣ್ಯ.

ಮೊದಲ ಮನಿ ತುಂಬ ಮಾತಾಡ್ಕೋತ ಅಡ್ಡಾಡಾಕಿ, ಈಗ ಸಣ್ಣ ಮಾತಿಗೂ ಅಳ್ತಾಳ. ಮೊನ್ನೆ ರೊಟ್ಟಿ ಮುರದು ಪಲ್ಯಾದಾಗ ಅದ್ದಿದಾಕಿ ಕುಂತಲ್ಲೇ ಕಣ್ಣ ಮುಚ್ಚಿದ್ಲು. ಕೆಮಿಸ್ಟ್ರಿ ನೋಟ್‌ಬುಕ್ ತಗದು ನೋಡಿದ್ರ, ಬರ್ಕೋತ ಬರ್ಕೋತ ಪೆನ್ನಿನ ಗೆರಿ ಹಾಳಿ ತುದಿತನಕ ಜಾರಿತ್ತು. ಕರುಳ ಚುರ್ ಅಂತು. "ಅವ್ವಾ, ನನಗ ಏನೂ ಬ್ಯಾಡ ಅನಸ್ತೈತಿ" ಅಂದದ್ದು ಕಿವ್ಯಾಗಿಂದ ಹೋಗವಲ್ದು.

13ರಿಂದ 18 ವರ್ಷದ ಮಕ್ಕಳಿಗೆ 8ರಿಂದ 10 ತಾಸು ನಿದ್ದಿ ಬೇಕಂತ. ಈ ವಯಸ್ಸಿನ್ಯಾಗ ನಿದ್ದಿ ತರೂ ಮೆಲಟೋನಿನ್ ಅನ್ನೂ ಹಾರ್ಮೋನ್ ರಾತ್ರಿ ತಡಾ ಮಾಡಿ ಬರ್ತೈತಿ, ಅದಕ್ಕ ಲಗೂನ ಕಣ್ಣ ಹತ್ತಂಗಿಲ್ಲ. ಇದು ತಿಳಿಲಾರ್ದ ನಾನ ಆಕಿಗಿ ಸೋಮಾರಿ ಅಂತ ಬೈದೀನಿ. ನಿದ್ದಿಗೆಟ್ರ ಕಳವಳ, ಖಿನ್ನತೆ ಹೆಚ್ಚಾಗ್ತಾವ. ಖಿನ್ನತೆ ಆದ್ರ ಮತ್ತ ನಿದ್ದಿ ಕೆಡ್ತೈತಿ. ನಮ್ಮಾಕಿಗೆ ಯಾವುದು ಮೊದಲಾತೋ ತಿಳಿವಲ್ದು.

ಮನಸ್ಸಿನ ತ್ರಾಸಿಗೆ ಇರೂ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ನಿನ್ನೆ ಫೋನ್ ಮಾಡಿದ್ದೆ. ಕನ್ನಡದಾಗ ಸಮಾಧಾನದಿಂದ ಮಾತಾಡಿದ್ರು, ಡಾಕ್ಟರಿಗೆ ತೋರಸ್ರಿ ಅಂದ್ರು. ಇಲ್ಲೇ ಊರಾಗ ಹರೇದ ಮಕ್ಕಳನ್ನ ನೋಡೂ ಮನೋವೈದ್ಯರು ಯಾರರ ಇದ್ದಾರೇನ್ರಿ? ಇಲ್ಲಾ ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ಗೆ ಹೋಗೂದು ಪಾಡೋ? ನಿದ್ದಿ ಗುಳಿಗಿ ಹೆಸರು ಮಾತ್ರ ಹೇಳಬ್ಯಾಡ್ರಿ.

ಮಕ್ಕಳ ನಸುಕಿನ ಟ್ಯೂಷನ್ ಬಿಡಿಸಿದಾವ್ರು ಇದ್ರ ದಯವಿಟ್ಟು ಬರೀರಿ. ಅವರಪ್ಪ "ಒಂದ ವರ್ಷ ತಡಕೋಲಿ" ಅಂತಾರ. ಸೋಮವಾರ ಮುಂದಿನ ಕಂತು ಕಟ್ಟೂದೈತಿ, ಅಷ್ಟರೊಳಗ ಅವರಿಗೆ ತಿಳಿಸಿ ಹೇಳಬೇಕು.