ನಾಲ್ಕು ಬಾಲು ಬಿಟ್ಟರೆ ಒಂದು ಬೇಸ್ ಪುಕ್ಕಟೆ

ಶನಿವಾರ ಬೆಳಗ್ಗೆ ಫ್ರೀಮಾಂಟ್‌ನ ಪಾರ್ಕೊಂದರಲ್ಲಿ ಮಡಚೋ ಕುರ್ಚಿ ಹಾಕಿಕೊಂಡು ಕೂತಿದ್ದೆವು. ನಮ್ಮ ಸೀನನ ಮಗ ಚಿನ್ಮಯನ ಲಿಟಲ್ ಲೀಗ್ ಮ್ಯಾಚು, ಅಂದರೆ ಮಕ್ಕಳ ಬೇಸ್‌ಬಾಲು. ಒಂಬತ್ತು ವರ್ಷದ ಹುಡುಗ, ನಿಂತಿದ್ದು ರೈಟ್ ಫೀಲ್ಡ್‌ನಲ್ಲಿ, ಮೈದಾನದ ಬಲಗಡೆಯ ದೂರದ ಮೂಲೆ. ಆ ವಯಸ್ಸಿನ ಮಕ್ಕಳ ಆಟದಲ್ಲಿ ಅಲ್ಲಿಗೆ ಬಾಲು ಬರೋದು ನಮ್ಮ ಹಳ್ಳಿಗೆ ಮಂತ್ರಿ ಬಂದಷ್ಟೇ ಅಪರೂಪ.

ಸೀನ ಮಾತ್ರ ಒಂದು ಗಂಟೆಯಿಂದ ಕಣ್ಣು ಮಿಟುಕಿಸಿಲ್ಲ. ಪದ್ಮಾ ಪುಳಿಯೋಗರೆ ಡಬ್ಬಿ ಹಿಡಿದರೆ ಮೈದಾನ ನೋಡುತ್ತಲೇ ಸ್ಪೂನಿಗೆ ತಡಕಾಡಿದ.

"ಒಂದ್ನಿಮಿಷ ಈ ಕಡೆ ನೋಡ್ರೀ, ಷರಟಿನ ಮೇಲೆಲ್ಲಾ ಚೆಲ್ತಿದೀರ."

"ನೋಡಲ್ಲ. 2007ರಲ್ಲಿ ಆ ಕಡೆ ಈ ಕಡೆ ನೋಡಿಯೇ ನಾನು ಕೆಟ್ಟಿದ್ದು."

"ಶುರುವಾಯ್ತು ಹರಿಕಥೆ," ಅಂದ ನಾಗರಾಜ. ನಮಗೆಲ್ಲ ಬಾಯಿಪಾಠ. ಮೈಸೂರಿನಿಂದ ಬಂದಿದ್ದ ಸೀನನ ಮಾವನವರಿಗೆ ಮಾತ್ರ ಹೊಸದು. ಅವರು ಕುರ್ಚಿ ಎಳೆದುಕೊಂಡರು.

"ಅಮೆರಿಕಕ್ಕೆ ಬಂದು ಮೂರು ತಿಂಗಳು, ಮಾವ. ಆಗಸ್ಟ್ 7. ಆಫೀಸಿನವರು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಟೀಮಿನ ಮ್ಯಾಚಿಗೆ ಕರ್ಕೊಂಡು ಹೋದ್ರು. ಬ್ಯಾರಿ ಬಾಂಡ್ಸ್ ಅಂತ ಒಬ್ಬ. 755 ಹೋಮ್ ರನ್, ಅಂದ್ರೆ ನಮ್ಮ ಸಿಕ್ಸರ್ ಇದ್ದ ಹಾಗೆ, ಹೊಡೆದು ಹ್ಯಾಂಕ್ ಆರನ್ ದಾಖಲೆ ಸರಿಗಟ್ಟಿದ್ದ. ಇನ್ನೊಂದು ಹೊಡೆದ್ರೆ ಇತಿಹಾಸ. ನಾಲ್ಕು ಇನಿಂಗ್ಸ್ ಜಪ ಮಾಡ್ದೋನ ಹಾಗೆ ಕೂತೆ. ಐದನೇದಕ್ಕೆ ಹೊಟ್ಟೆ ಚುರ್ ಅಂತು. ನಾವೋ ಸೊಪ್ಪು ಸದೆ ತಿನ್ನೋರು, ನನ್ ಕಣ್ಣಿಗೆ ಬಿದ್ದಿದ್ದು ಗಾರ್ಲಿಕ್ ಫ್ರೈಸ್ ಒಂದೇ. ಕ್ಯೂನಲ್ಲಿ ನಿಂತು, ಪೊಟ್ಟಣ ಕೈಗೆ ಬಂತು, ಹಿಂದ್ಗಡೆ ಊರಿಗೂರೇ ಹೋ ಅಂತು! ಓಡಿ ಬಂದ್ರೆ ದೊಡ್ಡ ಪರದೆ ಮೇಲೆ ಹ್ಯಾಂಕ್ ಆರನ್ನೇ ಅಭಿನಂದನೆ ಹೇಳ್ತಿದಾರೆ. ನನ್ ಬಾಯ್ತುಂಬ ಬೆಳ್ಳುಳ್ಳಿ."

ಮಾವನವರು ನಿಧಾನವಾಗಿ ತಲೆಯಾಡಿಸಿದರು. "ಅಂದ್ರೆ ಪ್ರಸಾದ ಸಿಕ್ತು, ದರ್ಶನ ತಪ್ತು."

"ಆ ಬಾಲನ್ನ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಮ್ಯೂಸಿಯಮ್ಮಿಗೆ ಕೊಟ್ಟಿದಾರೆ ಕಣೋ, ಹೋಗಿ ನೋಡ್ಕೊಂಡ್ ಬಾ," ಅಂದೆ ನಾನು.

"ಬಾಲ್ ನೋಡಿ ಏನ್ ಮಾಡ್ಲಿ? ಹಾರೋದು ನೋಡ್ಬೇಕಿತ್ತು."

ಅಷ್ಟರಲ್ಲಿ ಚಿನ್ಮಯನ ಬ್ಯಾಟಿಂಗ್ ಸರದಿ ಬಂತು. ಕೋಚಿನ ನಾಲಿಗೆಗೆ ಪೂರ್ತಿ ಹೆಸರು ಒಗ್ಗದೆ ಬರೀ ಚಿನ್ ಆಗಿದ್ದಾನೆ. 46 ಅಡಿ ದೂರದಿಂದ ಬಾಲು ಎಸೆಯುತ್ತಿದ್ದ ಪುಟಾಣಿಗೆ ಟೋಪಿ ದೊಡ್ಡದು. ಪ್ರತಿ ಎಸೆತಕ್ಕೂ ಅದು ಮೂಗಿನವರೆಗೆ ಜಾರೋದು, ಅವನು ಮೊಣಕೈಯಿಂದ ಮೇಲಕ್ಕೆ ತಳ್ಳೋದು. ಮೊದಲ ಬಾಲು ಅಂಪೈರ್ ತಲೆ ಮೇಲೇ ಹೋಯ್ತು.

"ಗುಡ್ ಐ, ಚಿನ್!" ಸುತ್ತಲಿನ ಅಪ್ಪ ಅಮ್ಮಂದಿರು ಕೂಗಿದರು.

ಮಾವನವರು ಗಾಬರಿಯಾಗಿ ಎದ್ದರು. "ಅಯ್ಯೋ, ಕಣ್ಣಿಗೆ ಬಿತ್ತೇ? ಗದ್ದಕ್ಕೋ?"

"ಕೂತ್ಕೊಳಪ್ಪಾ," ಅಂದಳು ಪದ್ಮಾ. "ಕೆಟ್ಟ ಬಾಲು ಗುರ್ತು ಹಿಡಿದು ಬಿಟ್ನಲ್ಲ, ಅದಕ್ಕೆ ಹೊಗಳಿದ್ದು. ಅಂಥಾವು ನಾಲ್ಕಾದ್ರೆ ಒಂದನೇ ಬೇಸ್‌ಗೆ ಸುಮ್ನೆ ನಡ್ಕೊಂಡ್ ಹೋಗ್ಬಹುದು."

"ಹೊಡೀದೇ ಇದ್ದಿದ್ದಕ್ಕೆ ಬಹುಮಾನವೇ! ನಮ್ಮ ದ್ರಾವಿಡ್ ತಪ್ಪಾದ ದೇಶದಲ್ಲಿ ಹುಟ್ಟಿದ ಬಿಡಿ."

"ತಮಾಷೆ ಅಲ್ಲ ಸಾರ್," ಅಂದ ನಾಗರಾಜ. "ಸೀನ ಹೇಳ್ತಿದ್ನಲ್ಲ ಆ ಬಾಂಡ್ಸು, 2004ರ ಒಂದೇ ಸೀಸನ್‌ನಲ್ಲಿ 232 ಸಲ ಹಿಂಗೆ ನಡ್ಕೊಂಡ್ ಹೋದ. ಅದೂ ದಾಖಲೆನೇ. ಅದ್ರಲ್ಲಿ 120 ಸಲ, ಇವನ ಸಹವಾಸವೇ ಬೇಡ ಅಂತ ಎದುರಾಳಿಗಳೇ ಬೇಕಂತ ಕಳಿಸಿದ್ದು."

ಎರಡನೇ ಬಾಲು ನೆಲಕ್ಕೆ. ಮೂರನೆಯದು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ನಾಲ್ಕನೆಯದಕ್ಕೆ ಟೋಪಿಯೇ ಬಾಲಿಗಿಂತ ಮುಂದೆ ಬಿತ್ತು. ಚಿನ್ಮಯ ಬ್ಯಾಟು ಬಿಸಾಕಿ ಒಂದನೇ ಬೇಸ್‌ಗೆ ಹೊರಟ. ಸೀನ ಕುರ್ಚಿ ಮಗುಚಿ ಕುಣಿದ. ಪುಳಿಯೋಗರೆ ಹುಲ್ಲಿನ ಪಾಲು.

"ನೋಡ್ದೆ! ಪೂರ್ತಿ ನೋಡ್ದೆ! ಒಂದೂ ಬಿಡಲಿಲ್ಲ!"

"ನಿಮ್ಮ ಮಗ ಎಲ್ಲಾನೂ ಬಿಟ್ಟ, ಅದಕ್ಕೇ ಬೇಸ್ ಸಿಕ್ಕಿದ್ದು," ಅಂದಳು ಪದ್ಮಾ, ಡಬ್ಬಿ ಹುಡುಕುತ್ತಾ.

ಮ್ಯಾಚು ಸೋತರು. ಎಷ್ಟರಿಂದ ಅಂತ ಕೇಳಬೇಡಿ. ಹುಡುಗ ಓಡಿ ಬಂದ.

"ಅಪ್ಪಾ, ನೋಡಿದ್ಯಾ?"

"ನೋಡ್ದೆ ಕಣೋ ರಾಜಾ, ನಾಲ್ಕೂ ಬಾಲು!"

"ಅದಲ್ಲ. ರೈಟ್ ಫೀಲ್ಡ್‌ನಲ್ಲಿ. ನನ್ ಗ್ಲವ್ ಮೇಲೆ ಲೇಡಿಬಗ್ ಬಂದಿತ್ತು. ಎರಡು ಇನಿಂಗ್ಸ್ ಅಲ್ಲೇ ಕೂತಿತ್ತು."

ಸೀನನ ಮುಖದಲ್ಲಿ ಮತ್ತೆ ಬೆಳ್ಳುಳ್ಳಿ ವಾಸನೆ ಬಂದವನ ಕಳೆ.

"ನಾನು ನೋಡ್ದೆ ಪುಟ್ಟಾ," ಅಂದರು ಮಾವನವರು. "ಕೆಂಪಗಿತ್ತು, ಮೇಲೆ ಕಪ್ಪು ಚುಕ್ಕಿ."

"ಹೌದು ತಾತಾ!"

ಮಾವನವರ ಕನ್ನಡಕ ಬೆಳಗಿನಿಂದ ಪದ್ಮಾಳ ಬ್ಯಾಗಿನಲ್ಲೇ ಇತ್ತು.